ಗುರುವಾರದ ಮನೆಗೆಲಸ

ಪ್ರತಿ ಗುರುವಾರ ಇಲ್ಲಿ ನಮಗೆ ಮನೆಗೆಲಸ ಕೊಡುತ್ತಾರೆ.
ಮೊದಲ ದಿನ ನನಗೆ ನಗುವೇ ಬಂತು:
ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಲ್ಲ ತಾಯಿ,
ಇನ್ನು ಯಾವುದು ಬಾಕಿ?

ಔಷಧಿ ಅಂಗಡಿಯ ಮೇಲಿನ ಕೋಣೆ.
ಏಳು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ಸುತ್ತಿದ ಹಗ್ಗ.
ಲಾರಿ ಓಡಿಸುವ ತಿಪ್ಪೇಸ್ವಾಮಿ, ಬಳೆ ಅಂಗಡಿಯ ಖೈರುನ್ನೀಸಾ,
ಮಗನ ಹೆಸರನ್ನು ಇನ್ನೂ ಬಾಯಿಬಿಟ್ಟು ಹೇಳದ ಗಣಿತದ ಮೇಷ್ಟ್ರು,
ಮತ್ತೆ ನಾನು, ಹಾಲಮ್ಮ,
ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎಣಿಸುವವಳು.
ಮಕ್ಕಳು ಯಾರೂ ಬಂದಿಲ್ಲ. ಬಂದವರು ನಾವು.
"ಮೊದಲು ನಿಮ್ಮ ಕೈ ನಡುಗೋದು ನಿಲ್ಲಲಿ" ಅಂದರು ವಿನುತಾ ಮೇಡಂ.
ಸೆರಗಿನೊಳಗೆ ಬಚ್ಚಿಟ್ಟ ಕೈ ಅವರಿಗೆ ಹೇಗೆ ಕಂಡಿತೋ.

ಕಲಿಸಿದ್ದು ದೊಡ್ಡ ವಿದ್ಯೆಯಲ್ಲ.
ಸಿಟ್ಟು ನೆತ್ತಿಗೇರಿದರೆ ತಣ್ಣೀರಲ್ಲಿ ಮುಖ ಅದ್ದು,
ಮೂವತ್ತು ಎಣಿಸು.
ದಾವಣಗೆರೆಯ ನಮ್ಮ ಓಣಿಗೆ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ;
ಒಂದು ಕೊಡವನ್ನು ಸಿಟ್ಟಿಗೆಂದೇ ಎತ್ತಿಟ್ಟೆ.

ಆಮೇಲೆ ಒಂದು ಕಾರ್ಡು: ಎಷ್ಟು ಸಲ ಸಿಟ್ಟು, ಎಷ್ಟು ಸಲ ತಡೆದೆ.
ಅಕ್ಷರ ನನಗೆ ನಿಧಾನ. ಚೀಲದ ಲೆಕ್ಕದಂತೆ
ನಾಲ್ಕು ಗೀಟು, ಐದನೆಯದು ಅಡ್ಡ.
ಮೊದಲ ವಾರ ಸಿಟ್ಟಿನ ಸಾಲು ಎರಡು ಲೋಡು ತುಂಬಿತು.
ತಡೆದ ಸಾಲಿನಲ್ಲಿ ಒಂದೇ ಗೀಟು, ಅದೂ ಅನುಮಾನದ್ದು:
ಅವತ್ತು ಗಂಟಲು ಕಟ್ಟಿತ್ತು ನನಗೆ.

ಸಿಂಚನಾಗೆ ಹದಿನಾರು.
ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ.
ಯಾಕೆ ಎಂದು ಗೊತ್ತಾದ ದಿನ ನಾನು ಅಂದದ್ದು:
"ನಿನಗೇನು ಕಮ್ಮಿ ಮಾಡಿದ್ದೆ?"
ಆ ಮಾತನ್ನು ವಾಪಸು ತೂಗುವ ತಕ್ಕಡಿ ಎಲ್ಲಿದೆ?

ಒಂದು ಗುರುವಾರ ತಿಪ್ಪೇಸ್ವಾಮಿ ನನ್ನ ಮಗಳಾದ.
ಹುರಿಮೀಸೆ, ಖಾಕಿ ಅಂಗಿ, ಕುರ್ಚಿಯಲ್ಲಿ ಮುದುಡಿ ಕೂತು
"ನಿನಗೇನೂ ಅರ್ಥ ಆಗಲ್ಲ, ಹೋಗವ್ವ" ಅಂದ.
ಎಲ್ಲರೂ ನಕ್ಕರು. ನಾನು ಬುದ್ಧಿ ಹೇಳತೊಡಗಿದೆ.
ಮೇಡಂ ಕೈ ಎತ್ತಿದರು. ಮತ್ತೆ.
ನಮ್ಮ ಕಾಲದಲ್ಲಿ ಎಂದು ಶುರು ಮಾಡಿದೆ. ಮತ್ತೆ ಕೈ.
ದೇವರಿದ್ದಾನೆ ಅಂದೆ. ಕೈ ಇಳಿಯಲೇ ಇಲ್ಲ.
ಕೊನೆಗೆ ಮಾತು ಮುಗಿದುಹೋಗಿ
"ತುಂಬಾ ನೋಯ್ತಿದೆ ಅಲ್ವಾ" ಅಂದೆ.
ಅಷ್ಟಕ್ಕೇ ಆ ಗಂಡಸು
ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.
ಆಟ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ.
ಖೈರುನ್ನೀಸಾ ಎದ್ದು ಫ್ಯಾನು ಜೋರು ಮಾಡಿದಳು.

ಭಟ್ಟಿಯಲ್ಲಿ ಕಾದ ಮರಳಿಗೆ ಯಾರೂ ನೀರು ಸುರಿಯುವುದಿಲ್ಲ.
ಹೊಟ್ಟು ಹಾಕುವುದನ್ನು ನಿಲ್ಲಿಸುತ್ತಾರೆ, ಅಷ್ಟೇ.
ದಿನವೂ ನೋಡುತ್ತಿದ್ದೆ.
ನನ್ನ ಮಾತೇ ಹೊಟ್ಟು ಅಂತ ಹೊಳೆದಿರಲಿಲ್ಲ.

ಶನಿವಾರ ರಾತ್ರಿ ತಟ್ಟೆ ಗೋಡೆಗೆ ಬಡಿಯಿತು,
ಸಾರು ಕ್ಯಾಲೆಂಡರಿನ ಮೇಲೆ.
ನಾನು ಕೊಡದ ನೀರನ್ನು ಬೋಗುಣಿಗೆ ಬಗ್ಗಿಸಿಕೊಂಡೆ.
ಹದಿನೇಳಕ್ಕೇ ಉಸಿರು ಸಾಲಲಿಲ್ಲ.
ಮುಖ ಎತ್ತಿದರೆ ಬಾಗಿಲಲ್ಲಿ ಅವಳು:
"ಅಳ್ತಿದೀಯಾ?"
"ಇಲ್ಲ, ನೀರು."
"ಇದೇನು ಹುಚ್ಚು?"
"ಹೋಂವರ್ಕು."
ಅವಳು ನಗಲಿಲ್ಲ. ಸುಳ್ಳು ಯಾಕೆ ಹೇಳಲಿ.
ಕೋಣೆಗೆ ಹೋದಳು. ಚಿಲಕದ ಸದ್ದು ಮಾತ್ರ ಕೇಳಲಿಲ್ಲ.

ಸೋಮವಾರ ಮತ್ತೆ ಅದೇ ಕಿರುಚಾಟ, ನಾನೂ ಕಿರುಚಿದೆ.
ಗೀಟು ಹಾಕಿದೆ.

ಬುಧವಾರ ನೋಡಿದರೆ ಕೊಡದಲ್ಲಿ
ನಾಲ್ಕು ಬೆರಳು ನೀರು ಇಳಿದಿತ್ತು.
ನಾನು ಮುಟ್ಟಿರಲಿಲ್ಲ.
ಬೋಗುಣಿ ಬೋರಲಾಗಿ ಒಣಗುತ್ತಿತ್ತು.
ಕಾರ್ಡಿನಲ್ಲಿ ಇದಕ್ಕೆ ಸಾಲು ಇಲ್ಲ.
ಕೇಳಲಿಲ್ಲ.
ನಲ್ಲಿ ಬರಲು ಇನ್ನೂ ಮೂರು ದಿನ;
ಪಕ್ಕದ ಮನೆಯಿಂದ ಕಡ ತಂದು
ಕೊಡ ತುಂಬಿಸಿಟ್ಟೆ.